ಜಡೆ ಹುಡುಗಿ ಹಾರಿದ ಮೆಟ್ಟಿಲು

ದೋಹಾದ ವೆಸ್ಟ್ ಬೇಯ ಒಂದು ಆಫೀಸು ಕಟ್ಟಡದ ಹಿಂದುಗಡೆ ಎಂಟು ಮೆಟ್ಟಿಲುಗಳಿವೆ. ಬೂದು ಬಣ್ಣದ ಗ್ರಾನೈಟು. ಮೇಲೆ ವೇಗವಾಗಿ ಬರಲು ಬೇಕಾದಷ್ಟು ಜಾಗ, ಕೆಳಗೆ ನುಣುಪಾದ ನೆಲ. ಅಲ್ಲಿ ಕೆಲಸ ಮಾಡುವವರಿಗೆ ಅದು ಪಾರ್ಕಿಂಗಿಗೆ ಇಳಿಯುವ ದಾರಿ, ಹೆಚ್ಚೆಂದರೆ ನಿಂತು ಸಿಗರೇಟು ಸೇದುವ ಜಾಗ. ನಾವು ಸ್ಕೇಟ್‌ಬೋರ್ಡಿನವರು ಹಾಗೆ ನೋಡುವುದಿಲ್ಲ. ಯಾವ ಊರಿಗೆ ಹೋದರೂ ನಮ್ಮ ಕಣ್ಣು ಮೊದಲು ಹೋಗುವುದು ಮೆಟ್ಟಿಲು, ಕಟ್ಟೆ, ಕಂಬಿಗಳ ಮೇಲೆ. ದೇವಸ್ಥಾನಕ್ಕೆ ಕರೆದುಕೊಂಡು ಹೋದರೂ ಕಲ್ಲು ಎಷ್ಟು ನುಣುಪಾಗಿದೆ ಎಂದು ಪಾದದಿಂದ ಉಜ್ಜಿ ನೋಡಿ ಅಮ್ಮನ ಕೈಲಿ ಬೈಸಿಕೊಂಡವನು ನಾನು. ಕಳೆದ ಚಳಿಗಾಲದಲ್ಲಿ ನನ್ನ ಹೆಸರಿನ ಬೋರ್ಡು ಬರುತ್ತದೋ ಇಲ್ಲವೋ ಎಂಬುದು ಈ ಮೆಟ್ಟಿಲುಗಳ ಮೇಲೆ ನಿಂತಿತ್ತು.

ಹೆಸರಿನ ಬೋರ್ಡು ಎಂದರೆ ಏನೆಂದು ಹೇಳಬೇಕು. ನಮ್ಮ ಕಸುಬಿನಲ್ಲಿ ಪದವಿ ಇಲ್ಲ, ಘಟಿಕೋತ್ಸವ ಇಲ್ಲ. ಸ್ಪರ್ಧೆ ಗೆಲ್ಲಬಹುದು, ಕಂಪನಿಯವರು ಬಿಟ್ಟಿ ಶೂ ಕಳಿಸಬಹುದು, ಊರೂರು ಸುತ್ತಿಸಬಹುದು. ಆದರೂ ನೀನು ಪ್ರೊಫೆಷನಲ್ ಅಲ್ಲ. ಒಂದು ಕಂಪನಿ ನಿನ್ನ ಹೆಸರನ್ನು ಹಲಗೆಯ ಅಡಿಗೆ ಅಚ್ಚು ಹಾಕಿ ಅಂಗಡಿಯಲ್ಲಿ ಮಾರಲು ಇಟ್ಟಾಗ ಮಾತ್ರ ನೀನು ಪ್ರೊಫೆಷನಲ್. ನನಗೆ ಅದು ಇನ್ನೂ ಒಂದು ತೂಕ ಹೆಚ್ಚು. ನನ್ನ ಹೆಸರು ನಾನೇ ಇಟ್ಟುಕೊಂಡದ್ದು. ಅಪ್ಪ ಅಮ್ಮ ತೊಟ್ಟಿಲಲ್ಲಿ ಇಟ್ಟದ್ದು ಹೆಣ್ಣು ಹೆಸರು. ಅದನ್ನು ಬಿಟ್ಟು ಗಂಡಾಗಿ ಬದುಕಲು, ಪಾಸ್‌ಪೋರ್ಟಿನವರೆಗೂ ಹೊಸ ಹೆಸರು ಬರುವಂತೆ ಮಾಡಿಕೊಳ್ಳಲು, ಬೆಂಗಳೂರಿನಲ್ಲಿ ಎಷ್ಟು ಕಿಟಕಿಗಳ ಮುಂದೆ ನಿಂತಿದ್ದೇನೆ ಎನ್ನುವುದು ನನಗೇ ಗೊತ್ತು. ಆ ಹೆಸರಿನ ಮೇಲೆ ಯಾವುದೋ ಊರಿನ ಗುರುತಿಲ್ಲದ ಹುಡುಗನೋ ಹುಡುಗಿಯೋ ಕಾಲಿಟ್ಟು ನಿಂತು ರಸ್ತೆಗೆ ಇಳಿಯಬೇಕು. ಅದು ನನ್ನ ಆಸೆ. ಚಿಕ್ಕದೇನಲ್ಲ, ಮುಚ್ಚಿಡುವಂಥದ್ದೂ ಅಲ್ಲ.

ಹುಟ್ಟಿದ್ದು ಮೈಸೂರು, ಬೆಳೆದದ್ದು ದೋಹಾದ ಬಿನ್ ಮಹಮೂದ್ ಬಡಾವಣೆ. ಅಪ್ಪನಿಗೆ ಲೆಕ್ಕಪತ್ರದ ಕೆಲಸ, ವೆಸ್ಟ್ ಬೇಯಲ್ಲಿ ಆಫೀಸು. ನಾನು ಹೇಳಿದ ಮೆಟ್ಟಿಲುಗಳು ಅವರ ಆಫೀಸಿನ ಹಿಂದಿನವೇ. ದೇಶ ಬಿಟ್ಟು ಹೋಗುತ್ತಿದ್ದ ಒಂದು ಸಂಸಾರದವರು ಸೋಫಾ, ಮಿಕ್ಸಿ ಮಾರುವಾಗ ಹಳೆಯ ಸ್ಕೇಟ್‌ಬೋರ್ಡು ಒಂದನ್ನು ಪುಕ್ಕಟೆ ಕೊಟ್ಟು ಹೋದರು. ಅಮ್ಮ ಅದನ್ನು ಕುಕ್ಕರ್ ಇಡಲು ಆಗುತ್ತದೆಯೇ ಎಂದು ನೋಡುತ್ತಿದ್ದರು. ನಾನು ಎತ್ತಿಕೊಂಡು ನೆಲಮಾಳಿಗೆಯ ಪಾರ್ಕಿಂಗಿಗೆ ಓಡಿದೆ. ಬೇಸಿಗೆಯಲ್ಲಿ ಇಲ್ಲಿ ಹಗಲು ಹೊರಗೆ ಕಾಲಿಡುವಂತಿಲ್ಲ. ಆ ಪಾರ್ಕಿಂಗೇ ನನ್ನ ಮೈದಾನ. ಮೊಣಕಾಲು ಕೆತ್ತಿಕೊಂಡು ಬಂದರೆ ಪಕ್ಕದ ಫ್ಲ್ಯಾಟಿನ ಆಂಟಿ, "ಹೆಣ್ಣುಮಗೂಗೆ ಇದೇನ್ರೀ ಹುಚ್ಚು" ಎನ್ನುವರು. ಒಂದು ಸಲ ಮೊಣಕೈ ಮುರಿಯಿತು. ಅಪ್ಪ ನನ್ನನ್ನು ಎತ್ತಿಕೊಂಡು ಕ್ಲಿನಿಕ್ಕಿಗೆ ಓಡಿದರು, ಬರುವಾಗ ಕಾರಿನಲ್ಲಿ "ಇನ್ನು ಸಾಕು" ಎಂದರು. ಅಷ್ಟೇ ಮಾತು. ಪ್ಲಾಸ್ಟರು ಬಿಚ್ಚಿದ ಸಂಜೆಯೇ ನಾನು ಮತ್ತೆ ಕೆಳಗಿದ್ದೆ. ನನ್ನದು ಉಡದ ಪಟ್ಟು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು.

ಪಾರ್ಕಿಂಗಿನಲ್ಲಿ ಜೊತೆಗೆ ಇನ್ನೊಬ್ಬ ಇದ್ದ. ಮಂಗಳೂರು ಕಡೆಯ ಬ್ಯಾರಿ ಹುಡುಗ, ಸೂಕ್ ವಾಕಿಫ್ ಮಾರುಕಟ್ಟೆಯ ಹತ್ತಿರ ಅವರ ಅಪ್ಪನದು ಮೊಬೈಲ್ ಅಂಗಡಿ. ಅವನು ಬೋರ್ಡಿನ ಮೇಲೆ ನಿಂತದ್ದಕ್ಕಿಂತ ಬಿದ್ದದ್ದೇ ಹೆಚ್ಚು. ಕೊನೆಗೆ ಬುದ್ಧಿವಂತಿಕೆಯಿಂದ ಕ್ಯಾಮೆರಾ ಹಿಡಿದುಕೊಂಡ. ನನಗೆ ಹದಿನೇಳು ತುಂಬಿದ ಚಳಿಗಾಲ, ಒಂದು ಶುಕ್ರವಾರ ಬೆಳಿಗ್ಗೆ, ಆ ಎಂಟು ಮೆಟ್ಟಿಲುಗಳ ಮೇಲಿಂದ ನಾನು ಕಿಕ್‌ಫ್ಲಿಪ್ ಹಾರಿದೆ. ಅಂದರೆ ಗಾಳಿಯಲ್ಲಿರುವಾಗ ಹಲಗೆ ಕಾಲಡಿ ಒಂದು ಸುತ್ತು ಪೂರ್ತಿ ಉರುಳಿ, ಮತ್ತೆ ಪಾದಕ್ಕೆ ಸಿಕ್ಕಿ, ನಾಲ್ಕೂ ಚಕ್ರ ನೆಲ ಮುಟ್ಟಿ ಮುಂದಕ್ಕೆ ಹೋಗಬೇಕು. ಅವನು ಅದನ್ನು ಹಿಡಿದು ಇಂಟರ್ನೆಟ್ಟಿಗೆ ಹಾಕಿದ. ಮುಖ ಕಾಣುವುದಿಲ್ಲ. ಕಾಣುವುದು ಉದ್ದ ಜಡೆ, ಅದು ನನಗಿಂತ ಮೇಲೆ ಹಾರುತ್ತದೆ. ದೋಹಾದ ಜಡೆ ಹುಡುಗಿ ಎಂದು ಎಲ್ಲೆಲ್ಲಿಯವರೋ ನೋಡಿದರು.

ಆಮೇಲೆ ಓದಲು ಬೆಂಗಳೂರಿಗೆ ಹೋದೆ. ಜಡೆ ಹೋಯಿತು, ದನಿ ಒಡೆಯಿತು, ಗಡ್ಡ ಬಂತು. ಹೇಳಿದಾಗ ಅಮ್ಮ ಅತ್ತರು. ಅತ್ತು ಮುಗಿಸಿ, ಇಂಜೆಕ್ಷನ್ ಮೇಲೆ ಇಂಜೆಕ್ಷನ್ ತಗೊಂಡ್ರೆ ಹೊಟ್ಟೆಗೆ ಸರಿಯಾಗಿ ತಿನ್ನಬೇಕು ಎಂದರು. ಅಪ್ಪ ಅಳಲಿಲ್ಲ, ಏನೂ ಕೇಳಲೂ ಇಲ್ಲ. ಫೋನಿನಲ್ಲಿ ಅವರು ಮಾತಾಡುತ್ತಿದ್ದದ್ದು ಟಿಕೆಟ್ಟು, ಬ್ಯಾಂಕು, ಹವಾಮಾನ. ಬ್ಯಾರಿ ಗೆಳೆಯ ಮಾತ್ರ, "ಜಡೆ ಹೋಯ್ತಾ? ಒಳ್ಳೇದಾಯ್ತು ಮಾರಾಯ, ಫ್ರೇಮಿಗೆ ಅಡ್ಡ ಬರ್ತಿತ್ತು" ಎಂದ.

ಕಸುಬು ಮಾತ್ರ ಬಿಡಲಿಲ್ಲ. ಬೆಳಿಗ್ಗೆ ಮಕ್ಕಳಿಗೆ ಕಲಿಸುವುದು, ಮಧ್ಯಾಹ್ನ ನನ್ನ ಅಭ್ಯಾಸ. ಗಂಡಸರ ಸ್ಪರ್ಧೆಗೆ ಮೊದಲ ಸಲ ಇಳಿದಾಗ ಕೊನೆಯವನಾದೆ. ಮರುವರ್ಷವೂ ಹೆಚ್ಚುಕಡಿಮೆ ಅಲ್ಲೇ. ಹಳಬನೊಬ್ಬ, ನಿನ್ನಂಥವರು ಬೇರೆ ಗುಂಪು ಮಾಡಿಸಿಕೊಳ್ಳಿ ಎಂದು ಬುದ್ಧಿ ಹೇಳಿದ. ಅವನನ್ನು ಸೋಲಿಸಿದ ದಿನ ನಾನು ಇಡೀ ಒಂದು ಕೇಕು ಒಬ್ಬನೇ ತಿಂದೆ. ಹಾಗೇ ಯುರೋಪಿನ ಒಂದು ಸಣ್ಣ ಬೋರ್ಡು ಕಂಪನಿಯ ಕಣ್ಣಿಗೆ ಬಿದ್ದೆ. ಬೇಸಿಗೆಗಳಲ್ಲಿ ಅವರ ವ್ಯಾನಿನಲ್ಲಿ ಊರೂರು ತಿರುಗಿದೆ. ನನ್ನ ಹಿಂದಿನದನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಹಾರುವುದನ್ನು ನೋಡಿ ತೆಗೆದುಕೊಳ್ಳಲಿ, ಕಥೆ ಕೇಳಿ ಬೇಡ ಎನ್ನುವುದು ನನ್ನ ಹಠ.

ಹೋದ ವರ್ಷ ಕಂಪನಿಯ ಮ್ಯಾನೇಜರ್ ಒಂದು ವಿಡಿಯೋ ಮಾಡಲು ಹೊರಟ. ಪ್ರತಿಯೊಬ್ಬನೂ ಅವನವನ ಊರಿನಲ್ಲಿ ಹಾರಬೇಕು. ನನ್ನ ಭಾಗ ಚೆನ್ನಾಗಿ ಬಂದರೆ ನನ್ನ ಹೆಸರಿನ ಬೋರ್ಡು. ಬೋರ್ಡಿನ ಮೇಲಿನ ಚಿತ್ರ ಆಗಲೇ ಬರೆದೂ ಆಗಿತ್ತು, ಕೂಸು ಹುಟ್ಟುವ ಮುಂಚೆ ಕುಲಾವಿ. ನಿನ್ನ ಊರು ಯಾವುದು ಎಂದು ಕೇಳಿದರೆ ಮೈಸೂರು ಎನ್ನಲು ಬಾಯಿ ಬರಲಿಲ್ಲ. ಅಲ್ಲಿಗೆ ನಾನು ರಜೆಗೆ ಹೋಗುತ್ತಿದ್ದವನು. ದೋಹಾ ಎಂದೆ. ವಿಸಿಟ್ ವೀಸಾದಲ್ಲಿ ಬಂದಿಳಿದೆ.

ಈ ದೇಶದಲ್ಲಿ ನನ್ನಂಥವರು ಬಾಯಿ ಮುಚ್ಚಿಕೊಂಡಿರುವುದೇ ಕ್ಷೇಮ. ಅಮ್ಮ ಅದಕ್ಕೆ ಮೊದಲೇ ವ್ಯವಸ್ಥೆ ಮಾಡಿದ್ದರು. ಬಿಲ್ಡಿಂಗಿನಲ್ಲಿ ಎಲ್ಲರಿಗೂ ನಾನು ಅವರ ಅಕ್ಕನ ಮಗ. ಪಕ್ಕದ ಫ್ಲ್ಯಾಟಿನ ಆಂಟಿ ನನ್ನ ಮುಖವನ್ನೇ ನೋಡಿ, "ಹೋಲಿಕೆ ಇದೆ ಕಣ್ರೀ" ಎಂದರು.

"ಅಕ್ಕ ತಂಗೀರ ಮಕ್ಕಳಲ್ವಾ" ಎಂದರು ಅಮ್ಮ, ಕಣ್ಣು ಮಿಟುಕಿಸದೆ.

"ನಿಮ್ಮ ಮಗಳು ಬರಲೇ ಇಲ್ವಲ್ಲ. ಏನು ಚುರುಕು ಹುಡುಗಿ ಅದು. ಏನಪ್ಪಾ, ನಿನಗೆ ಸಿಗ್ತಾಳಾ ಬೆಂಗಳೂರಲ್ಲಿ? ಮದುವೆ ಮಾಡ್ಕೋ ಅಂತ ಹೇಳು."

"ಹೇಳ್ತೀನಿ ಆಂಟಿ, ಕೇಳಬೇಕಲ್ಲ" ಎಂದು ಇನ್ನೊಂದು ಚಕ್ಕುಲಿ ತೆಗೆದುಕೊಂಡೆ.

ಮೊದಲ ಎರಡು ವಾರ ಎಲ್ಲ ಸಲೀಸಾಗಿ ನಡೆಯಿತು. ಅಂಗಡಿಗೆ ರಜೆ ಸಿಕ್ಕಾಗಲೆಲ್ಲ ಗೆಳೆಯ ಕ್ಯಾಮೆರಾ ತಂದ. ಭಾಗ ಮುಗಿಸಲು ಒಂದು ದೊಡ್ಡದು ಬೇಕು. ಮತ್ತೆಲ್ಲಿಗೆ ಹೋಗಲಿ, ಆ ಎಂಟು ಮೆಟ್ಟಿಲಿಗೇ ಹೋದೆ. ಅದೇ ಕಿಕ್‌ಫ್ಲಿಪ್. ನನ್ನ ಮೆಟ್ಟಿಲು, ನನ್ನ ಹಾರಾಟ, ಈಗ ನನ್ನ ಹೆಸರಿನಲ್ಲಿ. ಚೊಕ್ಕವಾಗಿ ಬಂತು. ಕಳಿಸಿದೆವು.

ಮರುದಿನ ಮ್ಯಾನೇಜರನ ಫೋನು. "ಚೆನ್ನಾಗಿದೆ. ಆದರೆ ಹಾಕುವುದಕ್ಕಾಗಲ್ಲ. ಅದು ಆಗಿಹೋಗಿದೆ."

ಇದು ನಮ್ಮಲ್ಲಿ ಎಲ್ಲೂ ಬರೆದಿಡದ ಕಟ್ಟುಪಾಡು. ಒಂದು ಜಾಗದಲ್ಲಿ ಒಬ್ಬರು ಒಂದು ಹಾರಾಟ ಮಾಡಿ ವಿಡಿಯೋ ತೆಗೆದುಬಿಟ್ಟರೆ ಅದು ಅವರದು. ಇನ್ನೊಬ್ಬ ಅದೇ ಜಾಗದಲ್ಲಿ ಅದನ್ನೇ ಮಾಡಿ ತನ್ನದೆಂದು ತೋರಿಸುವಂತಿಲ್ಲ. ಮಾಡಿದರೆ ಎಂಜಲು ತಟ್ಟೆಗೆ ಕೈ ಹಾಕಿದಂತೆ.

"ಯಾರು ಮಾಡಿದ್ದಾರೆ?" ಎಂದೆ, ಗೊತ್ತಿದ್ದೂ.

"ಆ ಜಡೆ ಹುಡುಗಿ. ನೀನು ನೋಡಿಲ್ಲವೇ? ಇಲ್ಲಿ ನೋಡದವರಿಲ್ಲ. ಅವಳ ಮುಂದೆ ನಿನ್ನದನ್ನು ಹಾಕಿದರೆ ನಗುತ್ತಾರೆ. ಬೇರೆ ಏನಾದರೂ ಕಳಿಸು. ಇಲ್ಲವಾದರೆ ಬೋರ್ಡು ಮುಂದಕ್ಕೆ ಹೋಗುತ್ತದೆ, ಯಾವಾಗ ಎಂದು ಹೇಳಲಾರೆ."

ನಾನು ಹೇಳಿದ್ದನ್ನು ಕೇಳಿ ಗೆಳೆಯ ಅಂಗಡಿಯ ಕೌಂಟರಿನ ಹಿಂದೆ ಕುಸಿದು ಕೂತು ನಕ್ಕ. "ನಿನ್ನ ತಟ್ಟೆಯನ್ನು ನೀನೇ ಎಂಜಲು ಮಾಡಿದ್ದು ಮಾರಾಯ." ನನಗೆ ನಗು ಬರಲಿಲ್ಲ. ಹೊಟ್ಟೆ ಉರಿಯಿತು. ಯಾರ ಮೇಲೆ? ಆ ಹುಡುಗಿಯ ಮೇಲೆ. ಪಕ್ಕದ ಮನೆಯ ಆಂಟಿಗೂ ಅವಳೇ ಬೇಕು, ಯುರೋಪಿನವನಿಗೂ ಅವಳೇ ಬೇಕು. ಇಷ್ಟು ವರ್ಷ ಬಿದ್ದು ಎದ್ದು ಗಡ್ಡ ಬೆಳೆಸಿದವನನ್ನು ಕೇಳುವವರಿಲ್ಲ. ನನ್ನ ಮೇಲೆ ನನಗೇ ಸವತಿ ಮಾತ್ಸರ್ಯ.

ಒಂದು ದಾರಿ ಸುಲಭವಾಗಿತ್ತು. ಆ ಹುಡುಗಿ ನಾನೇ ಎಂದು ಹೇಳಿಬಿಡುವುದು. ಆದರೆ ಹೇಳಿದ ಮಾತು ವಿಡಿಯೋಗೆ ಬಂದರೆ ದೋಹಾಕ್ಕೂ ಬರುತ್ತದೆ, ಬಿನ್ ಮಹಮೂದಿನ ಲಿಫ್ಟಿಗೂ ಬರುತ್ತದೆ. ಅಪ್ಪನನ್ನು ಕೇಳದೆ ಹೇಳುವ ಹಕ್ಕು ನನಗಿರಲಿಲ್ಲ. ರಾತ್ರಿ ಊಟದ ಹೊತ್ತಿಗೆ ಕೇಳಿದೆ.

ಅಪ್ಪ ಮಜ್ಜಿಗೆ ಅನ್ನ ಕಲಸುತ್ತಲೇ ಇದ್ದರು. "ನಾನು ಇನ್ನೂ ಎರಡು ವರ್ಷ ಇಲ್ಲಿ ಕೆಲಸ ಮಾಡ್ಬೇಕು. ಒಬ್ಬರಿಗೆ ಹೇಳಿದ್ರೆ ಹತ್ತು ಜನಕ್ಕೆ ಹೋಗುತ್ತೆ."

"ಒಬ್ಬರಿಗೇ ಹೇಳ್ತೀನಿ. ವಿಡಿಯೋದಲ್ಲಿ ಹಾಕಬಾರದು ಅಂತ ಹೇಳ್ತೀನಿ."

"ಅವರು ನಂಬಿಕಸ್ಥರಾ?"

"ಹೌದು."

"ಹಾಗಾದ್ರೆ ನಿನ್ನಿಷ್ಟ" ಎಂದು ಕೈ ತೊಳೆಯಲು ಎದ್ದರು.

ಫೋನು ಮಾಡಿದೆ. ಎಷ್ಟೋ ಸಲ ಮನಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡಿದ್ದ ಭಾಷಣ ಬಾಯಿಗೆ ಬರಲೇ ಇಲ್ಲ. "ಜಡೆ ಹುಡುಗಿ ನಾನು" ಎಂದೆ. ಈಗ ಪಾಪ ಎನ್ನುತ್ತಾನೆ, ಇಲ್ಲವಾದರೆ ಎಷ್ಟು ಧೈರ್ಯ ನಿನ್ನದು ಎನ್ನುತ್ತಾನೆ, ಎರಡೂ ನನಗೆ ಬೇಡವಾಗಿತ್ತು.

"ಅಂದರೆ," ಎಂದ, "ಹದಿನೇಳನೇ ವಯಸ್ಸಿನಲ್ಲಿ ನೀನು ಮಾಡಿದ್ದನ್ನೇ ಈಗ ಮತ್ತೆ ಮಾಡಿ ನನಗೆ ಕಳಿಸಿದ್ದೀಯ?"

"ಹೌದು."

"ಇದು ಇನ್ನೂ ಕೆಟ್ಟದ್ದು. ಗೊತ್ತಿಲ್ಲದೆ ಇನ್ನೊಬ್ಬರದು ಮಾಡಿದ್ದರೆ ಕ್ಷಮಿಸಬಹುದಿತ್ತು. ಇಷ್ಟು ವರ್ಷ ಏನು ಮಾಡುತ್ತಿದ್ದೆ? ಆಗಿದ್ದು ಆಗಿದೆ. ನೀನೇ ಮಾಡಿದ್ದರೂ ಆಗಿಹೋದದ್ದೇ. ಸ್ವಿಚ್ ಮಾಡು." ಫೋನಿಡುವ ಮುನ್ನ, ಈ ಮಾತು ತನ್ನಲ್ಲೇ ಇರುತ್ತದೆ ಎಂದು ಕೇಳದೆಯೇ ಹೇಳಿದ.

ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಬೇಜಾರಿಗಲ್ಲ. ನನ್ನ ಬದುಕಿನ ಅತಿ ದೊಡ್ಡ ಗುಟ್ಟು ಹೇಳಿದರೆ ಆ ಮನುಷ್ಯ ಕಟ್ಟುಪಾಡು ಹೇಳಿದ. ಅಷ್ಟು ಮರ್ಯಾದೆ ನನಗೆ ಯಾರೂ ಕೊಟ್ಟಿರಲಿಲ್ಲ.

ಸ್ವಿಚ್ ಎಂದರೆ ಕಾಲು ಅದಲುಬದಲು. ನಾನು ಎಡಗಾಲು ಮುಂದಿಟ್ಟು ಹಾರುವವನು. ಸ್ವಿಚ್ಚಿನಲ್ಲಿ ಬಲಗಾಲು ಮುಂದೆ ಬರಬೇಕು. ಬಲಗೈಯವನು ಎಡಗೈಯಲ್ಲಿ ಸಹಿ ಹಾಕಿದ ಹಾಗೆ. ಹೆಸರು ಅದೇ ಇದ್ದರೂ ನಮ್ಮ ಲೆಕ್ಕದಲ್ಲಿ ಅದು ಬೇರೆಯೇ ಹಾರಾಟ, ಆ ಮೆಟ್ಟಿಲಿನಲ್ಲಿ ಯಾರೂ ಮಾಡಿರದ್ದು. ನೆಲದ ಮೇಲೆ ನನಗೆ ಬರುತ್ತಿತ್ತು. ಎಂಟು ಮೆಟ್ಟಿಲಿನ ಮೇಲಿಂದ ನಾನು ಎಂದೂ ಹಾಗೆ ಹಾರಿರಲಿಲ್ಲ.

ಮತ್ತೆ ನೆಲಮಾಳಿಗೆಯ ಪಾರ್ಕಿಂಗು. ಚಕ್ರಕ್ಕೆ ಮರಳು ಸೇರುತ್ತದೆ, ದಿನಾ ಬಿಚ್ಚಿ ಒರೆಸಬೇಕು, ಈ ಊರಿನ ಗಾಳಿ ಅಂಥದ್ದು. ಸೊಂಟ ನೀಲಿಗಟ್ಟಿತು. ಅಮ್ಮ ಅರಿಶಿನ ಹಚ್ಚುತ್ತ, "ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರೆ. ನಿಂಗೆ ಮೀಸೆ ಬಂದಿದ್ದೇ ಮೊನ್ನೆ ಮೊನ್ನೆ, ಜೋಪಾನ ಕಣೋ" ಎಂದರು. ಅವರಿಗೆ ತಮ್ಮ ತಮಾಷೆ ತಮಗೇ ಹಿಡಿಸಿ, ಅರಿಶಿನದ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕರು.

ಶುಕ್ರವಾರ ಬೆಳಿಗ್ಗೆ ವೆಸ್ಟ್ ಬೇ ಖಾಲಿ. ಆಫೀಸುಗಳಿಗೆ ರಜೆ, ಜನರೆಲ್ಲ ನಮಾಜಿನ ಹೊತ್ತಿನವರೆಗೆ ಮನೆಯಲ್ಲಿ. ಆವತ್ತು ಬೀಳುವುದೊಂದೇ ಆಯಿತು. ಇನ್ನೇನು ಪಾದಕ್ಕೆ ಹಲಗೆ ಸಿಗುತ್ತಿದೆ ಎನ್ನುವಾಗ ಸೆಕ್ಯುರಿಟಿಯವನು ಬಂದ. ಎತ್ತರದ ಆಫ್ರಿಕನ್ ಮನುಷ್ಯ, ಮಾತು ಮೆತ್ತಗೆ. ಸಿಸಿಟಿವಿಯಲ್ಲಿ ಕಾಣಿಸುತ್ತದೆ, ನನ್ನ ಕೆಲಸ ಹೋಗುತ್ತದೆ, ಈ ಬಿಲ್ಡಿಂಗಿನಲ್ಲಿ ಕೆಲಸ ಮಾಡುವವರು ಯಾರಾದರೂ ಜೊತೆಗಿದ್ದರೆ ಬೇರೆ ಮಾತು, ಇಲ್ಲವಾದರೆ ಯಲ್ಲಾ, ಹೊರಡಿ ಎಂದ.

ಗೆಳೆಯ ನನ್ನ ಮುಖ ನೋಡಿದ. "ನಿನ್ನ ಅಪ್ಪನ ಆಫೀಸು ಇದೇ ಬಿಲ್ಡಿಂಗಲ್ಲಿ ಅಲ್ವಾ ಮಾರಾಯ?"

"ಬೇಡ."

"ಬರುವ ಶುಕ್ರವಾರ ಕಳೆದು ಮರುದಿನ ನಿನ್ನ ವೀಸಾ ಖಲಾಸ್. ಇನ್ನು ಒಂದೇ ಶುಕ್ರವಾರ ಇರುದು."

"ಬೇಡ ಅಂದ್ನಲ್ಲ."

ಅಪ್ಪನನ್ನು ನಾನು ಕೇಳಲಿಲ್ಲ. ಮನೆಯಲ್ಲಿ ಅಮ್ಮನ ಹತ್ತಿರ ನಡೆದದ್ದನ್ನು ಹೇಳಿದೆ, ಅಷ್ಟೇ. ಅಪ್ಪ ಆಚೆ ಸೋಫಾದಲ್ಲಿ ಫೋನು ನೋಡುತ್ತಿದ್ದರು. ಕಾವಲಿನವನ ಕಣ್ಣು ತಪ್ಪಿಸಿ ಬೆಳಕು ಹರಿಯುವಾಗಲೇ ಹೋಗಿ, ಓಡಿಸುವುದರೊಳಗೆ ಎಷ್ಟು ಸಲ ಆಗುತ್ತದೋ ಅಷ್ಟು ಸಲ ಹಾರುವುದು ಎಂದು ನಿರ್ಧರಿಸಿದೆ. ಕಾಲು ಮುರಿದರೆ ಮುರಿಯಲಿ.

ಆ ಶುಕ್ರವಾರ ಬೋರ್ಡು ಹಿಡಿದು ರೂಮಿನಿಂದ ಹೊರಗೆ ಬಂದರೆ ಅಪ್ಪ ಹಾಲಿನಲ್ಲಿ ಕೂತಿದ್ದಾರೆ. ಇಸ್ತ್ರಿ ಮಾಡಿದ ಶರ್ಟು, ಕತ್ತಿನಲ್ಲಿ ಆಫೀಸಿನ ಬ್ಯಾಡ್ಜು. ರಜೆಯ ದಿನ ಲುಂಗಿ ಬಿಟ್ಟು ಬೇರೆ ಉಟ್ಟವರಲ್ಲ.

"ಅಷ್ಟು ಬೇಗ ಬೇಡ" ಎಂದರು. "ಕಾಫಿ ಕುಡಿದು ಹೋಗೋಣ."

ಅಪ್ಪನ ಕಾರಿನಲ್ಲೇ ಮೆಟ್ಟಿಲಿನ ಹತ್ತಿರ ಹೋದೆವು. ಗೆಳೆಯ ಅಲ್ಲಿಗೇ ಬಂದಿದ್ದ. ಅಪ್ಪನನ್ನು ನೋಡಿ ಅವನ ಕೈಯಲ್ಲಿದ್ದ ಕರಕ್ ಚಹಾ ಚೆಲ್ಲಿತು. ಸೆಕ್ಯುರಿಟಿಯವನು ಬಂದ. ಅಪ್ಪ ಬ್ಯಾಡ್ಜು ಎತ್ತಿ ತೋರಿಸಿ ಇಂಗ್ಲಿಷಿನಲ್ಲಿ, "ನನ್ನ ಮಗ. ಸ್ವಲ್ಪ ಹೊತ್ತು. ಏನಾದರೂ ಆದರೆ ಜವಾಬ್ದಾರಿ ನನ್ನದು" ಎಂದರು. ಆ ಕಟ್ಟಡದ ನೆರಳಿನಲ್ಲಿ, ತಾವು ದಿನಾ ತಲೆ ತಗ್ಗಿಸಿ ದುಡಿಯುವ ಜಾಗದಲ್ಲಿ. ಅಲ್ಲಿ ನಿಂತರೆ ಕೆಲಸ ಕೆಡುತ್ತದೆ ಎಂದು ಬೋರ್ಡು ತೆಗೆದುಕೊಂಡು ಮೆಟ್ಟಿಲು ಹತ್ತಿದೆ.

ಬಿದ್ದೆ. ಮತ್ತೆ ಬಿದ್ದೆ. ಅಂಗೈ ಸುಲಿಯಿತು. ಅಪ್ಪ ಸಿಗರೇಟಿನವರು ನಿಲ್ಲುವ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಪ್ರತಿ ಸಲ ಬಿದ್ದಾಗಲೂ ಅರ್ಧ ಎದ್ದು ಮತ್ತೆ ಕೂರುತ್ತಿದ್ದರು. "ಇನ್ನು ಸಾಕು" ಎನ್ನುತ್ತಾರೆ ಎಂದು ಕಾಯುತ್ತಲೇ ಇದ್ದೆ, ಅನ್ನಲಿಲ್ಲ. ಬಿಸಿಲು ಮೇಲೆ ಬಂತು. ಒಂದು ಸಲ ಹಲಗೆ ಉರುಳಿತು, ಅಂಗಾಲಿಗೆ ತಾಗಿತು, ಕೆಳಗೆ ನಾಲ್ಕೂ ಚಕ್ರ ಒಟ್ಟಿಗೆ ಬಡಿದವು, ನಾನು ನಿಂತೇ ಇದ್ದೆ. ಗೆಳೆಯ ಕಿರುಚಿದ. ಸೆಕ್ಯುರಿಟಿಯವನೂ ಕೈ ಮೇಲೆತ್ತಿದ. ನಾನು ನೆಲದ ಮೇಲೆ ಅಂಗಾತ ಬಿದ್ದು ಜೋರಾಗಿ ನಕ್ಕೆ.

ಇಷ್ಟಾದರೂ, ಈಗ ಕಂಪನಿಯ ವಿಡಿಯೋದಲ್ಲಿ ಇರುವುದು ಅದಲ್ಲ. ನನ್ನ ಹೆಸರಿನ ಬೋರ್ಡು ಅಚ್ಚಾದದ್ದು ಅದರಿಂದಲ್ಲ. ಅದಾದ ಮೇಲೆ ಅದೇ ಬೆಳಿಗ್ಗೆ ಇನ್ನೊಂದು ಸಲ ಹಾರಿದ್ದರಿಂದ. ಇನ್ನೊಂದು ಸಲ ಯಾಕೆ ಹಾರಿದೆ ಎನ್ನುವುದನ್ನು ಮ್ಯಾನೇಜರಿಗೂ ನಾನು ಹೇಳಿಲ್ಲ.

ಮೂವರೂ ತಲೆ ಬಗ್ಗಿಸಿ ಕ್ಯಾಮೆರಾದಲ್ಲಿ ನೋಡುತ್ತಿದ್ದೆವು. ಅಪ್ಪ ಕನ್ನಡಕ ಹಾಕಿಕೊಂಡು, ಮತ್ತೆ ಹಾಕು ಎಂದು ಇನ್ನೊಮ್ಮೆ ನೋಡಿದರು.

"ಕೈ ಜಾಸ್ತಿ ಅಲ್ಲಾಡ್ತು" ಎಂದರು.

"ಏನಪ್ಪಾ?"

"ಕೆಳಗೆ ಇಳಿದ ಮೇಲೆ. ಕೈ ಎರಡೂ ಹಾರಾಡ್ತು. ಹಳೇದ್ರಲ್ಲಿ ಹೀಗಿಲ್ಲ. ಕೈ ಸುಮ್ನೆ ಪಕ್ಕಕ್ಕೆ ಇತ್ತು, ಜಡೆ ಒಂದೇ ಹಾರಿದ್ದು."

"ಹಳೇದು ಎಲ್ಲಿ ಸಿಕ್ತು?" ಎಂದೆ. ಅವರು ಆ ವಿಡಿಯೋ ನೋಡಿದ್ದಾರೆ ಎನ್ನುವುದೇ ನನಗೆ ಗೊತ್ತಿರಲಿಲ್ಲ.

"ಫೋನಲ್ಲಿದೆ" ಎಂದರು. "ಅವಾಗವಾಗ ನೋಡ್ತಿರ್ತೀನಿ."

ಸಿಟ್ಟು ನೆತ್ತಿಗೇರಿತು. ಅಷ್ಟು ಹೊತ್ತಿನ ಸಂತೋಷವೆಲ್ಲ ಇಳಿದುಹೋಯಿತು. ಇವರಿಗೂ ಅವಳೇ. ಸುಲಿದ ಅಂಗೈ ಒಡ್ಡಿಕೊಂಡು ನಿಂತಿರುವವನು ಇವರಿಗೂ ಸಾಲದು.

"ಅದೂ ನಾನೇ ಅಪ್ಪಾ" ಎಂದೆ.

"ಗೊತ್ತು ಕಣೋ" ಎಂದರು, ನಾನೇನೋ ಪೆದ್ದು ಮಾತಾಡಿದಂತೆ ಮುಖ ಮಾಡಿ. "ಅದಕ್ಕೇ ಹೇಳ್ತಿರೋದು. ಬೇರೆಯವರಾಗಿದ್ರೆ ಇಷ್ಟೇ ಅವರ ಕೈಲಾಗೋದು ಅಂತ ಸುಮ್ನಿರ್ತಿದ್ದೆ. ಮೇಲೆ ಹತ್ತು, ಇನ್ನೊಂದ್ಸಲ ಮಾಡು."